ಹಳೇ ಪಿಸಿ ಬಿಸಾಡುವ ಮುನ್ನ ಲಿನಕ್ಸ್ ಹಾಕಿ ನೋಡಿ

ಮಾನ್ಯರೇ,

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಮ್ಮ ಹಾಲ್‌ನಲ್ಲಿರೋ ಪಿಸಿಗೆ 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು, ಆಗಲ್ಲ ಅಂತ ಬಂತು. ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್‌ನ ಒಂದು ರೂಪವಾದ ಫೆಡೋರಾ ಮೇಲೆ ಕಟ್ಟಿರುವ ಬಝೈಟ್ ಅನ್ನೋ ಉಚಿತ ಗೇಮಿಂಗ್ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಅನ್ನು ಪೆನ್‌ಡ್ರೈವ್‌ನಿಂದ ಹಾಕಿದೆ.

ಆನ್ ಮಾಡಿದರೆ ನೇರ ಸ್ಟೀಮ್‌ನ (ಆಟ ಕೊಂಡು ಆಡುವ ಆ್ಯಪ್) ದೊಡ್ಡ ಅಕ್ಷರದ ಪರದೆ. ಕೀಬೋರ್ಡ್ ಬೇಡ, ಸೋಫಾದಲ್ಲಿ ಕೂತು ಕಂಟ್ರೋಲರ್ ಒತ್ತಿದರೆ ಸಾಕು. ವಿಂಡೋಸ್‌ಗೆಂದು ಮಾಡಿದ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸೋದು ಸ್ಟೀಮ್‌ನ ಕಂಪನಿ ವಾಲ್ವ್ 2018ರಲ್ಲಿ ಬಿಟ್ಟ ಪ್ರೋಟಾನ್ ಅನ್ನೋ ತಂತ್ರಾಂಶ. ಚಿತ್ರ ಮೂಡಿಸಲು ಆಟ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೇಳಿದ್ದನ್ನು ಅದು ಲಿನಕ್ಸ್‌ಗೆ ಅರ್ಥವಾಗುವ ವಲ್ಕನ್‌ಗೆ ತಿರುಗಿಸಿ ಕೊಡುತ್ತದೆ, ಆಟಕ್ಕೆ ಗೊತ್ತೇ ಆಗಲ್ಲ!

ಎಲ್ಲಾ ಸಲೀಸು ಅಂತಲ್ಲ. ಮೊದಲ ರಾತ್ರಿ ಟಿವಿಯಲ್ಲಿ ಚಿತ್ರ ಬಂತು, ಸದ್ದಿಲ್ಲ. ಒಂದು ಗಂಟೆ ಕೇಬಲ್ ಕಿತ್ತು ಚುಚ್ಚಿ ಒದ್ದಾಡಿದ ಮೇಲೆ ನೋಡಿದರೆ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಬೇರೆ ಕಡೆ ಹೋಗುತ್ತಿತ್ತು, ಸುಮ್ನೆ ಎಚ್‌ಡಿಎಂಐ ಆರಿಸಿದರೆ ಮುಗೀತಿತ್ತು. ಒಂದು ಅಪ್‌ಡೇಟ್ ಕೆಟ್ಟಾಗ ಬೂಟ್ ಮೆನುವಿನಲ್ಲಿ ಹಿಂದಿನ ಆವೃತ್ತಿ ಆರಿಸಿ ಬಚಾವಾದೆ. ಈ ಸೌಲಭ್ಯ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ.

ಆದರೆ ವ್ಯಾಲರಂಟ್, ಫೋರ್ಟ್‌ನೈಟ್ ಆಡೋರು ಇದಕ್ಕೆ ಕೈ ಹಾಕಬೇಡಿ. ಅವುಗಳ ಆಂಟಿಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಲಿನಕ್ಸ್ ಅನ್ನು ಒಪ್ಪುವುದಿಲ್ಲ. ನನ್ನ ಮಗನ ಮುನಿಸು ಇನ್ನೂ ಇಳಿದಿಲ್ಲ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಾರವಾರ ಹೊಸ ಮೊಬೈಲ್ ಮಾತೇ ಆಯ್ತಲ್ವಾ, ಇಂಥದ್ದಕ್ಕೂ ಒಂದು ಕಾಲಂ ಜಾಗ ಕೊಡಿ.

– ಒಬ್ಬ ಓದುಗ, ಮೈಸೂರು