ಕೊನೆಯ ಪುಟ ಓದಿದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಬರೆಯೋದಿಲ್ಲ, ಬರೆದರೆ ಬೈತೀರಿ ಅಂತ ಗೊತ್ತು.

ಹಾಸ್ಟೆಲ್‌ಗೆ ಬಂದಾಗ ನನಗೆ 16. ಮನೆಗೆ ಫೋನ್ ಮಾಡಿ ‘ಚೆನ್ನಾಗಿದ್ದೀನಿ’ ಅನ್ನೋದು, ಆಮೇಲೆ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳೋದು, ಇಷ್ಟೇ ದಿನಚರಿ. ಊಟದ ಹಾಲ್‌ನಲ್ಲಿ ಬಿಟ್ಟುಬಂದಿದ್ದ ನನ್ನ ನೋಟ್‌ಬುಕ್ ಹಿಡಿದು ನೀವು ರೂಮಿಗೆ ಬಂದಿರಿ. ಕೊನೆಯ ಪುಟದ ಪದ್ಯ ಓದಿಯೇ ಬಂದಿದ್ದಿರಿ. (ಕೇಳದೆ ಓದಿದ್ದಕ್ಕೆ ಈಗಲೂ ಸ್ವಲ್ಪ ಕೋಪ ಇದೆ.) ಸಮಾಧಾನದ ಒಂದು ಮಾತೂ ಇಲ್ಲ. ‘ಎರಡನೇ ಸಾಲಲ್ಲಿ ಒಂದು ಮಾತ್ರೆ ಜಾಸ್ತಿ ಆಗಿದೆ ನೋಡು’ ಅಂದಿರಿ, ಅಷ್ಟೇ.

ಮಂಚದ ತುದಿಯಲ್ಲಿ ಕೂತು ಬೆರಳು ಮಡಚುತ್ತಾ ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದ ಲೆಕ್ಕ ಕಲಿಸಿದಿರಿ: ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಮಾತ್ರೆ ಅಂದರೆ ಅಕ್ಷರ ಹೇಳೋಕೆ ಹಿಡಿಯೋ ಹೊತ್ತಿನ ಅಳತೆ ಅಂದಿರಿ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ‘ಮನೆ’ ಎರಡು ಮಾತ್ರೆ, ‘ಅಮ್ಮ’ ಮೂರು. ಎಣಿಸುತ್ತಾ ಹೋದಂತೆ ಆ ಎರಡು ಪದ ಗಂಟಲಲ್ಲಿ ಸಿಕ್ಕಿಕೊಳ್ಳೋದು ಕಡಿಮೆಯಾಯಿತು.

ಮುಂದಿನ ವಾರ ನಿಮ್ಮ ಗೆಳತಿಯರಿಬ್ಬರೂ ಸೇರಿಕೊಂಡರು. ನಾಲ್ವರೂ ಒಂದೇ ಹಾಳೆಯಲ್ಲಿ ಸರದಿಯಂತೆ ಒಂದೊಂದು ಸಾಲು ಬರೆದೆವು. ಆ ರಾತ್ರಿ ಫೋನಿನಲ್ಲಿ ನಾನು ಹೇಳಿದ ‘ಚೆನ್ನಾಗಿದ್ದೀನಿ’ ಸುಳ್ಳಾಗಿರಲಿಲ್ಲ. ಅದಕ್ಕೇ ಈ ಥ್ಯಾಂಕ್ಸ್.

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ನಿಮ್ಮ ಸಾಲಲ್ಲೂ ಒಂದು ಮಾತ್ರೆ ಕಮ್ಮಿ ಇದೆ ಅಕ್ಕಾ, ಅವತ್ತು ಹೇಳೋಕೆ ಧೈರ್ಯ ಬರಲಿಲ್ಲ.