ಹನ್ನೆರಡು ನಿಮಿಷದ ಅಧ್ಯಾಯ

ಚಿತ್ರದುರ್ಗ

ತಂಗೀ,

ಬೇರೊಂದು ನಕ್ಷತ್ರದ ಗ್ರಹಕ್ಕೆ ನೌಕೆ ಹೋಗುವ ನಿನ್ನ ಕಾದಂಬರಿಯ ಹಸ್ತಪ್ರತಿ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ‘ಇನ್ನು ಬರೆಯುವುದಿಲ್ಲ, ಇದನ್ನು ಸುಟ್ಟುಬಿಡಿ’ ಎಂದಿದ್ದೀಯ. ಸುಡುವುದಕ್ಕೆ ದಾವಣಗೆರೆಯಲ್ಲಿ ಬೆಂಕಿಗೇನು ಬರವೇ? ಅಂಚೆ ಖರ್ಚು ಹಾಕಿ ದುರ್ಗಕ್ಕೆ ಕಳಿಸಿದ್ದೀಯ ಅಂದಮೇಲೆ ಓದಿಸುವ ಆಸೆ ಇದೆ. ಸರಿ, ಕೇಳು.

ಕಾಗುಣಿತ, ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರು ಎಂಬುದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನಗಿರುವುದು ಒಂದೇ ಹುಚ್ಚು. ಕಥೆಯಲ್ಲಿ ಒಂದು ಸಂಗತಿ ಬಂತೆಂದರೆ ಅದು ಯಾರಿಗೆ, ಯಾವಾಗ, ಯಾವ ಉಪಕರಣದಿಂದ ಗೊತ್ತಾಯಿತು ಎಂದು ಕೇಳುತ್ತೇನೆ. ನಿನ್ನ ನಾಯಕಿ ಎರಡನೇ ಪುಟದಲ್ಲೇ ಆ ಗ್ರಹದ ‘ಉಪ್ಪುನೀರಿನ ಕಡಲ’ನ್ನು ನೆನೆಯುತ್ತಾಳೆ. ನೌಕೆ ಇನ್ನೂ ಹೊರಟೇ ಇಲ್ಲ! ಉಪ್ಪು ಎಂದು ಅವಳಿಗೆ ಹೇಳಿದವರು ಯಾರು?

ನೀನು ಆರಿಸಿದ ನಕ್ಷತ್ರ ಚೆನ್ನಾಗಿದೆ: 12 ಜ್ಯೋತಿರ್ವರ್ಷ ದೂರದ ಕೆಂಪು ಕುಬ್ಜ, ದ್ರವ್ಯರಾಶಿಯಲ್ಲೂ ಅಗಲದಲ್ಲೂ ಸೂರ್ಯನ ಐದನೇ ಒಂದು ಪಾಲು. ಇಲ್ಲಿಂದ ನೋಡುವವರಿಗೆ ಮೊದಲು ಸಿಗುವುದು ಗ್ರಹದ ಸೆಳೆತಕ್ಕೆ ನಕ್ಷತ್ರ ತೋರುವ ಸಣ್ಣ ಓಲಾಟ. ಅದರಿಂದ ಗ್ರಹದ ಸುತ್ತಿನ ಅವಧಿ ತಿಳಿಯುತ್ತದೆ, ಕನಿಷ್ಠ ಎಷ್ಟು ದ್ರವ್ಯರಾಶಿ ಇರಬೇಕು ಎಂಬುದೂ ತಿಳಿಯುತ್ತದೆ. ಗಾತ್ರ ಬೇಕೆಂದರೆ ಗ್ರಹ ನಕ್ಷತ್ರದ ಮುಂದೆ ಹಾದು ಬೆಳಕನ್ನು ಕುಗ್ಗಿಸಬೇಕು. ಭೂಮಿಯ 1.2 ಪಟ್ಟು ಅಗಲದ ನಿನ್ನ ಗ್ರಹಕ್ಕೆ ಆ ಇಳಿಕೆ ಸುಮಾರು ಶೇ. 0.3. ಆದರೆ ಕಕ್ಷೆ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಹೊಂದುವ ಸಂಭವ 75ರಲ್ಲಿ ಒಂದು. ಹೊಂದದಿದ್ದರೆ ಗಾತ್ರ ಗೊತ್ತಾಗುವುದಿಲ್ಲ. 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಬಿ ಗ್ರಹ 2016ರಲ್ಲಿ ಪ್ರಕಟವಾಯಿತು, 11.2 ದಿನಕ್ಕೊಮ್ಮೆ ಸುತ್ತುತ್ತದೆ. ಅದರ ಅಗಲವನ್ನು ಈವರೆಗೆ ಯಾರೂ ಅಳೆದಿಲ್ಲ. ನಿನ್ನ ಗ್ರಹ ನಕ್ಷತ್ರದ ಮುಂದೆ ಹಾಯುತ್ತದೋ ಇಲ್ಲವೋ, ಮೊದಲು ಅದನ್ನು ತೀರ್ಮಾನಿಸು. ನಿನ್ನ ಪಾತ್ರಗಳಿಗೆ ಏನೇನು ಗೊತ್ತಿರಬಾರದು ಎಂಬುದು ಆಗ ತಾನಾಗಿ ಹೊರಬೀಳುತ್ತದೆ.

ವರ್ಷಕ್ಕೆ 90 ದಿನ ಎಂದು ಬರೆದಿದ್ದೀಯ. ಆಗದು. ಅಷ್ಟು ಮಂಕು ನಕ್ಷತ್ರದ ಬೆಳಕು ಸೂರ್ಯನ ಇನ್ನೂರನೇ ಒಂದು ಪಾಲು; ನೀರು ನೀರಾಗಿ ನಿಲ್ಲಬೇಕಾದರೆ ಗ್ರಹ ಭೂಮಿ-ಸೂರ್ಯರ ದೂರದ 0.07ರಷ್ಟು ಹತ್ತಿರ ಇರಬೇಕು. ಕೆಪ್ಲರನ ನಿಯಮದಂತೆ ಆ ದೂರದ, ಅಂದರೆ 0.07ರ, ಘನವನ್ನು ನಕ್ಷತ್ರದ ದ್ರವ್ಯರಾಶಿ 0.2ರಿಂದ ಭಾಗಿಸಿ ವರ್ಗಮೂಲ ತೆಗೆ. 0.041 ವರ್ಷ, ಅಂದರೆ 15 ದಿನ. ಇಷ್ಟು ಹತ್ತಿರದ ಗ್ರಹ ಬಹುಮಟ್ಟಿಗೆ ನಕ್ಷತ್ರಕ್ಕೆ ಒಂದೇ ಮುಖ ತೋರಿಸುತ್ತ ಸುತ್ತುತ್ತದೆ. ನೀನು ಅಷ್ಟು ಪ್ರೀತಿಯಿಂದ ಬರೆದ ‘ಮೊದಲ ಸೂರ್ಯೋದಯ’ ಅಲ್ಲಿಗೆ ಹೋಯಿತು. ಅಳಬೇಡ. ಬದಲಿಗೆ ಸಿಕ್ಕಿದ್ದನ್ನು ನೋಡು: ನಮ್ಮ ಸೂರ್ಯನ ಸುಮಾರು ಮೂರು ಪಟ್ಟು ಅಗಲದ ಬಿಂಬ, ಹಳೇ ಬಲ್ಬಿನ ತಂತಿಯ ಬಣ್ಣ, ಆಕಾಶದ ಒಂದೇ ಜಾಗದಲ್ಲಿ, ಯಾವತ್ತೂ.

ಇನ್ನು ಮೂರನೇ ಅಧ್ಯಾಯ. ‘ನೌಕೆ ನಿಂತಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಬೆಳಕಿನ ಹತ್ತನೇ ಒಂದು ಪಾಲು ವೇಗದಲ್ಲಿ ಬರುವ ಒಂದು ಕಿಲೋ ಸಾಮಾನಿನ ಶಕ್ತಿ ಲಕ್ಷ ಟನ್ ಟಿಎನ್‌ಟಿ ಸಿಡಿತಕ್ಕೆ ಸಮ. ಅದನ್ನೆಲ್ಲ ಇಳಿಸಲು ಇಂಧನ ಬೇಕು, ಆ ಇಂಧನವನ್ನೂ ಮೊದಲು ಅದೇ ವೇಗಕ್ಕೆ ಏರಿಸಿ ತಂದಿರಬೇಕು. ಮೊದಲ ನೌಕೆ ನಿಲ್ಲುವುದೇ ಇಲ್ಲ, ಹಾದುಹೋಗುತ್ತದೆ ಎಂದು ಬರೆ. ಗ್ರಹದ ಕಕ್ಷೆಯ ಈ ತುದಿಯಿಂದ ಆ ತುದಿಗೆ 2.1 ಕೋಟಿ ಕಿ.ಮೀ.; ಸೆಕೆಂಡಿಗೆ 30,000 ಕಿ.ಮೀ. ವೇಗದಲ್ಲಿ 12 ನಿಮಿಷವೂ ಹಿಡಿಯದು. ಗ್ರಹದ ಅಗಲ ದಾಟಲು ಅರ್ಧ ಸೆಕೆಂಡು. ಕ್ಯಾಮೆರಾವನ್ನು ಮೊದಲೇ ಗುರಿಯಿಟ್ಟಿರಬೇಕು. ಗ್ರಹವೂ ಸೆಕೆಂಡಿಗೆ 50 ಕಿ.ಮೀ. ಓಡುತ್ತಿರುತ್ತದೆ, ಅದರ ವೇಳಾಪಟ್ಟಿಯ ಅಂದಾಜು ಒಂದು ಗಂಟೆ ತಪ್ಪಿದರೂ ಅದು ಗುರಿಯಿಂದ 1.8 ಲಕ್ಷ ಕಿ.ಮೀ. ಆಚೆ ಇದ್ದು, ಚಿತ್ರದಲ್ಲಿ ಬರೀ ಕತ್ತಲೆ ಬರುತ್ತದೆ. ತೆಗೆದದ್ದನ್ನು ಕಳಿಸುವುದೂ ನಿಧಾನ. 2015ರ ಜುಲೈ 14ರಂದು ಪ್ಲೂಟೊ ಪಕ್ಕ ಹಾದ ನಾಸಾದ ನ್ಯೂ ಹೊರೈಜನ್ಸ್ ನೌಕೆ, ಸಂಗ್ರಹಿಸಿದ್ದನ್ನೆಲ್ಲ ಕಳಿಸಿ ಮುಗಿಸಿದ್ದು 2016ರ ಅಕ್ಟೋಬರಿನಲ್ಲಿ. ನಿನ್ನದು ಪ್ರಯಾಣಕ್ಕೆ 120 ವರ್ಷ, ಸುದ್ದಿ ಮರಳಲು 12. ಉಡಾವಣೆಯ ದಿನ ಗುಂಡಿ ಒತ್ತಿದ ನಾಯಕಿಯೇ ಮೊದಲ ಚಿತ್ರ ನೋಡಿ ಕಣ್ಣೊರೆಸಿಕೊಳ್ಳುತ್ತಾಳಲ್ಲ, ಆಗ ಅವಳಿಗೆ ವಯಸ್ಸೆಷ್ಟು?

ಇಂಥವನ್ನು ನಿನಗೆ ಯಾರೂ ಹೇಳಿರುವುದಿಲ್ಲ. ‘ಅದ್ಭುತ ಕಲ್ಪನಾಶಕ್ತಿ’ ಎಂದು ಶಾಲು ಹೊದಿಸಿ ಕಳಿಸುವ ಸಭೆಗಳ ಮೇಲೆ ನನಗೆ ಹಳೇ ಸಿಟ್ಟು. ಅಂಕಿ ಕಂಡಲ್ಲಿ ಕತ್ತರಿ ಆಡಿಸಿ ‘ಓದುಗರಿಗೆ ಭಾರ’ ಎನ್ನುವ ಸಂಪಾದಕರ ಮೇಲೆ ಇನ್ನೂ ಹೆಚ್ಚು. ರಾಗಿ ಮಾರುವವನಿಂದ ಹಿಡಿದು ಬಡ್ಡಿ ಕಟ್ಟುವವನವರೆಗೆ ಈ ಜಿಲ್ಲೆಯಲ್ಲಿ ಲೆಕ್ಕ ಬರದ ಓದುಗ ಯಾರಿದ್ದಾನೆ?

ನೆಲಕ್ಕಿಳಿಯುವ ಭಾಗ ಬರೆಯುವ ಮುಂಚೆ ಮರಡಿಹಳ್ಳಿಗೆ ಹೋಗಿ ಬಾ, ಐಮಂಗಲದ ಹತ್ತಿರ. ಅಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ, ಸುಮಾರು 250 ಕೋಟಿ ವರ್ಷ ಹಳೆಯವು. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ, ಒಳಗಿನದು ಒತ್ತಿ ಉಬ್ಬುತ್ತದೆ, ಒಂದರ ಮೇಲೊಂದು ಕೂರುತ್ತದೆ. ಮೇಲಿನದರ ತಳ ಕೆಳಗಿನ ಎರಡರ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಪದರ ಮಗುಚಿದೆಯೋ ಇಲ್ಲವೋ ಅದರಿಂದಲೇ ತಿಳಿಯುತ್ತದೆ. ಈಗ ಸುತ್ತ ಒಣಭೂಮಿ. ನಿನ್ನ ಅನ್ವೇಷಕಿ ಇಂಥ ಕಲ್ಲು ಕಂಡು ‘ಇಲ್ಲಿ ನೀರಿತ್ತು’ ಎನ್ನಲಿ, ಅದು ಅವಳ ಸ್ವಂತ ಸಂಪಾದನೆ. ಉಪ್ಪಿತ್ತೇ ಎಂಬುದನ್ನು ಈ ಕಲ್ಲು ಹೇಳದು, ಅದಕ್ಕೆ ಬೇರೆ ಸಾಕ್ಷಿ ಹುಡುಕಬೇಕು.

ಹಾಗೆಯೇ ಚಳ್ಳಕೆರೆ ಕಡೆಯ ಉಳ್ಳಾರ್ತಿ ಕಾವಲು. ಚಂದ್ರಯಾನದ ಲ್ಯಾಂಡರ್ ಉಪಕರಣಗಳಿಗೆ ಕುಳಿ ಗುರುತಿಸಲು ಬರುತ್ತದೋ ಇಲ್ಲವೋ ನೋಡಲು ಇಸ್ರೊ ಅಲ್ಲಿ ಕೃತಕ ಕುಳಿಗಳನ್ನು ತೋಡಿಸಿತ್ತು. ನಿನ್ನ ಲ್ಯಾಂಡರ್ ಯಾವ ನೆಲದ ಮೇಲೆ ಪರೀಕ್ಷೆಯಾಯಿತು? ಆ ನೆಲಕ್ಕೂ ಆ ಗ್ರಹದ ನೆಲಕ್ಕೂ ಎಲ್ಲಿ ವ್ಯತ್ಯಾಸವೋ ಅಲ್ಲೇ ಅದು ಎಡವಬೇಕು.

ಕೊನೆಯ ನಲವತ್ತು ಪುಟ ಈಗ ಮುಟ್ಟಬೇಡ, ಅದರಲ್ಲಿ ಜೀವ ಇದೆ. ಮೂರನೇ ಅಧ್ಯಾಯವನ್ನು ಆ 12 ನಿಮಿಷಕ್ಕೆ ಇಳಿಸಿ ಬರೆ. ಪುಟದ ಎಡಕ್ಕೆ ಅಂಚು ಬಿಡು, ಪ್ರತಿ ಸಂಗತಿಯ ಪಕ್ಕ ಅದು ಯಾವ ಉಪಕರಣದಿಂದ ಬಂತೆಂದು ಪೆನ್ಸಿಲಿನಲ್ಲಿ ಗುರುತು ಹಾಕು. ಅಂಚು ಖಾಲಿ ಇರುವ ಸಾಲುಗಳನ್ನು ಹೊಡೆದುಹಾಕಿ ಉಳಿದದ್ದನ್ನು ಕಳಿಸು.

ನಿನ್ನ ಅಣ್ಣ