ಬಸ್ಸಿನಲ್ಲಿ ಮೊದಲು ಮಗುವಿನ ಸೀಟು, ಆಮೇಲೆ ಅಡುಗೆಮನೆ

ಮಾನ್ಯ ಸಂಪಾದಕರೇ,

ಹಳೆಯ ಮಿನಿ ಬಸ್ಸು, ಟೆಂಪೊ ಟ್ರಾವೆಲರ್‌ಗಳನ್ನು ಮನೆಯಂತೆ ಮಾಡಿಸಿಕೊಂಡು ಪುಟ್ಟ ಮಕ್ಕಳೊಂದಿಗೆ ಕರಾವಳಿ ಸುತ್ತುವ ಕುಟುಂಬಗಳು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಈಗ ಕಣ್ಣಿಗೆ ಬೀಳುತ್ತವೆ. ಒಳಗೆ ಒಲೆ, ಸಿಂಕು, ಮಂಚ, ದೀಪ ಎಲ್ಲ ಅಚ್ಚುಕಟ್ಟು. ಮಕ್ಕಳು ಮಾತ್ರ ಓಡುವ ಬಸ್ಸಿನ ಹಿಂದಿನ ಮಂಚದ ಮೇಲೆ ಉರುಳಾಡುತ್ತಿರುತ್ತಾರೆ. ಇಂಥ ವಾಹನ ಕಟ್ಟುವ ಕೆಲಸ ಬಲ್ಲ ನಾವು ಒತ್ತಿ ಹೇಳುವುದು ಇಷ್ಟೇ: ಗ್ಯಾರೇಜಿನಲ್ಲಿ ಚಾಕ್‌ಪೀಸಿನಿಂದ ಮೊದಲು ಗುರುತು ಹಾಕಬೇಕಾದದ್ದು ಮಗುವಿನ ಸೀಟಿಗೆ. ಅಡುಗೆಮನೆ ಉಳಿದ ಜಾಗದಲ್ಲಿ ಬರಲಿ.

ಬಸ್ಸಿನ ಆ ಸೀಟು ಎರಡು ಆಕ್ಸಲ್‌ಗಳ (ಮುಂದಿನ, ಹಿಂದಿನ ಚಕ್ರಗಳ ಅಚ್ಚುಗಳ) ನಡುವೆ ಇರಬೇಕು, ಮುಖ ಮುಂದಕ್ಕಿರಬೇಕು; ಕೈಗೂಸಿನ ಚೈಲ್ಡ್ ಸೀಟನ್ನು ಮಾತ್ರ ಅದರ ಮೇಲೆ ಹಿಮ್ಮುಖವಾಗಿ ಕಟ್ಟಬೇಕು. ಹಿಂದಿನ ಚಕ್ರ ದಾಟಿದರೆ ಕುಲುಕಾಟ ಜಾಸ್ತಿ. ಶಿರಾಡಿ, ಅರಬೈಲ್ ಘಾಟಿ ಇಳಿಯುವಾಗ ಅಲ್ಲಿ ಕೂತ ಮಕ್ಕಳಿಗೇ ಮೊದಲು ವಾಂತಿ. ಗೋಡೆಗೆ ಬೆನ್ನು ಕೊಟ್ಟು ಕೂರುವ ಸೋಫಾ ಬಸ್ಸು ನಿಂತಾಗ ಮಾತ್ರ. ಇನ್ನು ಬೆಲ್ಟಿನ ಬುಡವನ್ನು ಬಗ್ಗಿ ನೋಡಿ. ಎಷ್ಟೋ ಬಸ್ಸುಗಳಲ್ಲಿ ಅದು 18 ಮಿ.ಮೀ. ಪ್ಲೈವುಡ್‌ಗೆ ಬಿಗಿದ ನಾಲ್ಕು ಸ್ಕ್ರೂ. ಕೈಯಲ್ಲಿ ಜಗ್ಗಿದರೆ ಅಲ್ಲಾಡುವುದಿಲ್ಲ. ಆದರೆ ಡಿಕ್ಕಿಯ ಕ್ಷಣದಲ್ಲಿ ದೇಹದ ತೂಕದ 20 ಪಟ್ಟು ಎಳೆತ ಬಿದ್ದರೆ 15 ಕಿಲೊ ಮಗು 300 ಕಿಲೊ ಭಾರವಾಗಿ ಜಗ್ಗುತ್ತದೆ, ಸ್ಕ್ರೂ ಹೊಟ್ಟಿನ ಸಮೇತ ಕಿತ್ತು ಬರುತ್ತದೆ. ಬೆಲ್ಟಿಗೆಂದೇ ಬರುವ 7/16 ಇಂಚಿನ ಬೋಲ್ಟು ನೆಲ ತೂರಿ, ಚಾಸಿಗೆ (ಬಸ್ಸಿನ ಅಡಿಯ ಉಕ್ಕಿನ ಚೌಕಟ್ಟಿಗೆ) ಸೇರಿದ ಉಕ್ಕಿನ ಅಡ್ಡಪಟ್ಟಿಯನ್ನೇ ಹಿಡಿಯಬೇಕು. ಬರೀ ಸೊಂಟದ ಬೆಲ್ಟು ಇದ್ದಲ್ಲಿ ಹೆಚ್ಚಿನ ಚೈಲ್ಡ್ ಸೀಟುಗಳನ್ನು ಕಟ್ಟಲಾಗದು. ಹೆಗಲ ಮೇಲೂ ಬರುವ ಬೆಲ್ಟು ಹಾಕಿಸಿ. 14 ವರ್ಷದೊಳಗಿನವರಿಗೆ ಬೆಲ್ಟು ಅಥವಾ ಚೈಲ್ಡ್ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ಸಾವಿರ ರೂಪಾಯಿ ದಂಡವೂ ಇದೆ. ಬಸ್ಸಿನ ಮಾರ್ಪಾಡನ್ನು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು.

ನೀರಿನ ಟ್ಯಾಂಕು 200 ಲೀಟರಿನದಾದರೆ 200 ಕಿಲೊ ಭಾರ. ಅದನ್ನು ಹಿಂದಿನ ತುದಿಯಲ್ಲಿ ಕೂರಿಸಿದರೆ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ. ಒಳಗೆ ಅಡ್ಡಗೋಡೆ ಇಲ್ಲದೆ ಅರ್ಧ ತುಂಬಿದ್ದರೆ ಪ್ರತಿ ತಿರುವಿನಲ್ಲೂ ನೀರು ಬಸ್ಸನ್ನು ತಳ್ಳುತ್ತದೆ. ಏಪ್ರಿಲ್, ಮೇನಲ್ಲಿ ಅಳಿವೆ ಹತ್ತಿರದ ಬಾವಿಗಳ ನೀರು ಉಪ್ಪಾಗಿರುತ್ತದೆ, ಬಾಯಿಗೆ ಹಾಕಿ ನೋಡಿಯೇ ತುಂಬಿಸಿ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ, ಅಂದರೆ ಮಕ್ಕಳು ಆಡುವ ಎತ್ತರದಲ್ಲೇ ನಿಲ್ಲುತ್ತದೆ. ಸಿಲಿಂಡರಿನ ಗೂಡು ಬಸ್ಸಿನ ಒಳಕ್ಕೆ ತೆರೆಯಬಾರದು. ಅದರ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಉಪ್ಪುಗಾಳಿಗೆ ರೆಗ್ಯುಲೇಟರು ಬೇಗ ತುಕ್ಕು ಹಿಡಿಯುವುದರಿಂದ ವಾರಕ್ಕೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು.

ಪ್ರಯಾಣದ ದಿಕ್ಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮಲ್ಲಿ ಬಸ್ಸಿನ ಬಾಗಿಲು ಎಡಕ್ಕೆ. ಮಂಗಳೂರಿನಿಂದ ಕಾರವಾರದ ಕಡೆಗೆ ಹೊರಟರೆ ಕಡಲೂ ಎಡಕ್ಕೆ. ಮರವಂತೆಯಲ್ಲಿ ಇಳಿದ ಮಗು ಕಡಲ ಬದಿಯಲ್ಲೇ ಇರುತ್ತದೆ. ಕಾರವಾರದಿಂದ ತೆಂಕಕ್ಕೆ ಬಂದರೆ ಅಲ್ಲಿ ಬಾಗಿಲು ರಸ್ತೆಯ ಇನ್ನೊಂದು ಬದಿಯ ಸೌಪರ್ಣಿಕಾ ನದಿಯ ಕಡೆ ತೆರೆಯುತ್ತದೆ. ಸಮುದ್ರ ಕಂಡ ಮಗು ಓಡುವುದು ಲಾರಿಗಳು ಬರುವ ಹೆದ್ದಾರಿಗೆ ಅಡ್ಡಲಾಗಿ. ಹಾಗಾಗಿ ಬಡಗು ಮುಖವಾಗಿಯೇ ಹೊರಡಿ. ದಿನಕ್ಕೆ ನೂರು ಕಿಲೋಮೀಟರ್ ಸಾಕು. ಹಿಂದಿರುಗುವಾಗ ರಸ್ತೆ ಬದಿ ನಿಲ್ಲಿಸುವುದೇ ಬೇಡ.

ರಾತ್ರಿ ತಂಗಲು ತೆಂಗಿನ ಮರದ ಅಡಿ ಬೇಡ. ಒಂದು ಕಾಯಿ ಬಿದ್ದರೆ ಸೋಲಾರ್ ಪ್ಯಾನಲ್ ಹೋಗುತ್ತದೆ, ಕೆಳಗೆ ಮಗು ಇದ್ದರೆ ಹೇಳಬೇಕಾಗಿಲ್ಲ. ಬಸ್ಸನ್ನು ತೆಂಕು-ಬಡಗಾಗಿ ನಿಲ್ಲಿಸಿದರೆ ಹಗಲಿನ ಕಡಲ ಗಾಳಿ, ರಾತ್ರಿಯ ನೆಲದ ಗಾಳಿ ಎರಡೂ ಕಿಟಕಿಯಿಂದ ಕಿಟಕಿಗೆ ಹಾಯುತ್ತವೆ. ನಮ್ಮ ಸೆಖೆಯಲ್ಲಿ ಎಳೆಯ ಮಕ್ಕಳು ನಿದ್ದೆ ಮಾಡಬೇಕಾದರೆ ಇದು ಬೇಕು.

ಆಡಳಿತದಿಂದ ಆಗಬೇಕಾದ ಕೆಲಸವೂ ಒಂದಿದೆ. ಬಸ್ಸಿನ ಶೌಚಾಲಯದ ಡಬ್ಬಿ ಸುಮಾರು 20 ಲೀಟರಿನದು, ನಾಲ್ವರ ಕುಟುಂಬಕ್ಕೆ ಎರಡು ದಿನಕ್ಕೆ ತುಂಬುತ್ತದೆ. ಖಾಲಿ ಮಾಡಲು ಜಾಗವಿಲ್ಲದೆ ಅದು ತೋಡಿಗೋ ಅಳಿವೆಗೋ ಸೇರಿದರೆ, ಅಘನಾಶಿನಿಯಂಥ ಕಡೆ ಬಳಚು (ತಿನ್ನುವ ಚಿಪ್ಪು) ಹೆಕ್ಕಿ ಬದುಕುವವರ ಅನ್ನಕ್ಕೇ ಅದನ್ನು ಸುರಿದಂತೆ. ಹೊಸ ಕಟ್ಟಡ ಬೇಕಿಲ್ಲ. 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿ, ಕಾಸರಕೋಡು ಕಡಲತೀರಗಳಲ್ಲಿ ಶೌಚಾಲಯ ಈಗಾಗಲೇ ಇದೆ. ಅದರ ಗುಂಡಿಗೆ ಸೇರುವ ನಾಲ್ಕು ಇಂಚಿನ ಪೈಪು, ಅದಕ್ಕೊಂದು ಮುಚ್ಚಳ, ಪಕ್ಕದಲ್ಲಿ ಡಬ್ಬಿ ತೊಳೆಯಲು ನಲ್ಲಿ ಕೊಟ್ಟರೆ ಸಾಕು. ಮೂರೂ ಕರಾವಳಿ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಬರುವ ಬೇಸಿಗೆ ರಜೆಗೆ ಮೊದಲು ಇಷ್ಟನ್ನು ಮಾಡಿಸಿಕೊಡಬೇಕೆಂದು ಕೋರುತ್ತೇವೆ.

– ಬಸ್ಸು ಕಟ್ಟುವ ಕೆಲಸದ ಕೆಲವರು, ಕುಂದಾಪುರ